ಎದುರುತ್ತರದ ಇಂಗ್ಲಿಷ್

ಶಹಾಪುರದ ಒಂದು ಖಾಸಗಿ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಮನೆ ಸುರಪುರದಲ್ಲಿ. ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟರೆ ಮನೆ ಸೇರುವಾಗ ಸಂಜೆ ಐದೂವರೆ ದಾಟಿರುತ್ತದೆ. ಬಿ.ಇಡಿ. ತನಕ ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ತವರುಮನೆ ತಿಂಥಣಿಯ ಹೊಳೆದಂಡೆ. ಅಪ್ಪ ಮೀನು ಹಿಡಿಯುತ್ತಿದ್ದ, ನೀರು ಇಳಿದಾಗ ಕೂಲಿಗೆ ಹೋಗುತ್ತಿದ್ದ. ಯಾರಾದರೂ ಬೈದರೆ ತಲೆ ತಗ್ಗಿಸಿ ನಿಂತು, ಅವರು ಹೋದ ಮೇಲೆ ಕೆಲಸ ಮುಂದುವರಿಸುವುದು ಅವನ ರೀತಿ. ನಮಗೂ ಅದನ್ನೇ ಕಲಿಸಿದ. "ಎದುರ ಮಾತಾಡಬ್ಯಾಡವ್ವ, ಅವರ ಬಾಯಿ ನೋಯತನ ಬೈತಾರ" ಎನ್ನುತ್ತಿದ್ದ. ಈ ಶಾಲೆಯಲ್ಲಿ ಕೆಲಸಕ್ಕೆ ಸೇರುವವರೆಗೂ ಅದು ಕೆಟ್ಟ ಬುದ್ಧಿ ಎಂದು ನನಗೆ ಅನ್ನಿಸಿರಲಿಲ್ಲ.

ಶಾಲೆಯ ಮುಖ್ಯಸ್ಥರನ್ನು ನಾವು ದೊಡ್ಡ ಮೇಡಂ ಎನ್ನುತ್ತೇವೆ. ಐವತ್ತು ದಾಟಿದವರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಎದೆಗೆ ಒತ್ತಿ ಹಿಡಿದ ಹಾಜರಿ ಪುಸ್ತಕ. ಶನಿವಾರ ಮಕ್ಕಳನ್ನು ಬಿಟ್ಟ ಮೇಲೆ ಎಲ್ಲ ಶಿಕ್ಷಕರ ಸಭೆ. ಆ ಸಭೆಯಲ್ಲಿ ಅವರ ಮೊದಲ ಮಾತು ಯಾವಾಗಲೂ ನನ್ನ ಕಡೆಗೇ ಬರುತ್ತಿತ್ತು.

"ಏಳನೇ ಕ್ಲಾಸಿನ ನೋಟ್‌ಬುಕ್ಕು ಅರ್ಧಾ ನೋಡಿ ಅರ್ಧಾ ಬಿಟ್ಟೀರಿ. ನೀವು ಇಂಗ್ಲಿಷ್ ಹೇಳಾಕ ಬಂದೀರೋ, ಇಂಗ್ಲಿಷ್ ಪಾಠ ಕನ್ನಡದಾಗ ಓದಿ ಹೇಳಾಕ ಬಂದೀರೋ? ನಿಮ್ಮ 'ಇಸ್ಕೂಲ್' ಕೇಳಿ ಕೇಳಿ ಹುಡುಗ್ರೂ ಹಂಗ ಅನ್ನಾಕತ್ತಾವು."

ನಾನು "ಸಾರಿ ಮೇಡಂ" ಎನ್ನುತ್ತಿದ್ದೆ. ಪಕ್ಕದಲ್ಲಿ ಕೂರುವ ಗಣಿತದ ಮಾಸ್ತರರು ಕೈಯಲ್ಲಿದ್ದ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುತ್ತ ಕೂತಿರುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು.

ಬೇರೆ ಶಾಲೆ ನೋಡಿಕೊಳ್ಳಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಕೆಲಸಕ್ಕೆ ಸೇರುವ ದಿನವೇ ನಮ್ಮೆಲ್ಲರ ಮೂಲ ಅಂಕಪಟ್ಟಿಗಳನ್ನು ಶಾಲೆ ಇಸಿದುಕೊಂಡಿತ್ತು. ಹತ್ತನೆಯದು, ಪಿಯುಸಿ, ಬಿ.ಎ., ಬಿ.ಇಡಿ., ಎಲ್ಲವೂ ಒಂದು ಖಾಕಿ ಲಕೋಟೆಯಲ್ಲಿ, ಆಫೀಸಿನ ಕಬ್ಬಿಣದ ಅಲಮಾರಿಯೊಳಗೆ. ವರ್ಷದ ನಡುವೆ ಯಾರೂ ಬಿಟ್ಟು ಹೋಗಬಾರದೆಂದು ಆಡಳಿತ ಮಂಡಳಿಯ ಕಾರ್ಯದರ್ಶಿಯವರು ಮಾಡಿದ ಕಟ್ಟಳೆ. ಅವರು ಹತ್ತಿ ವ್ಯಾಪಾರಸ್ಥರು, ಊರೆಲ್ಲ ಅವರನ್ನು ಸಾವುಕಾರರು ಎನ್ನುತ್ತದೆ. ಕೇಳಿದವರಿಗೆ ಅವರು ಕೊಡುತ್ತಿದ್ದುದು ಒಂದೇ ಉತ್ತರ: "ಈ ವರ್ಷ ಮುಗೀಲಿ, ನೋಡೂಣು." ವರ್ಷ ಮುಗಿಯುತ್ತಿತ್ತು. ಜೂನ್ ತಿಂಗಳು ಬಂದು ಇನ್ನೊಂದು ವರ್ಷ ಶುರುವಾಗುತ್ತಿತ್ತು.

ನಾನು ಸೇರಿದ ಆರನೆಯ ವರ್ಷ ಶಿಕ್ಷಕರೆಲ್ಲ ಶಾಲೆಯೊಳಗೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ತೀರ್ಮಾನವಾಯಿತು. ಕಲಿಸಲು ಹೈದರಾಬಾದಿನಿಂದ ಒಬ್ಬ ತರುಣ ತರಬೇತುದಾರರನ್ನು ಎರಡು ವಾರಕ್ಕೆ ಕರೆಸಿದರು. ನಗುಮುಖದ ಮನುಷ್ಯ. ಮಧ್ಯಾಹ್ನ ಮಕ್ಕಳು ಹೋದ ಮೇಲೆ ನಾವು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದೆವು. ಮೊದಲ ವಾರ ನಮಸ್ಕಾರ, ಕುಶಲ, ಫೋನಿನ ಮಾತು. ಎರಡನೆಯ ವಾರದಲ್ಲಿ ಒಂದು ದಿನ ಅವರು ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ಯಾರಾದರೂ ನಮ್ಮನ್ನು ಟೀಕಿಸಿದಾಗ, ಬೈದಾಗ, ತಪ್ಪು ಹೊರಿಸಿದಾಗ ಇಂಗ್ಲಿಷಿನವರು ಸಲಿಗೆಯಲ್ಲಿ ಏನೇನು ಅನ್ನುತ್ತಾರೋ ಅದೆಲ್ಲ ಆ ಹಾಳೆಯಲ್ಲಿತ್ತು.

ಆ ಹಾಳೆಯನ್ನು ಓದುತ್ತಿದ್ದಾಗ ನನ್ನ ಕಿವಿ ಬಿಸಿಯಾದದ್ದು ನೆನಪಿದೆ. "ಗೆಟ್ ಆಫ್ ಮೈ ಬ್ಯಾಕ್." ಬೆನ್ನು ಹತ್ತಿ ಕಾಡಬೇಡ, ನನ್ನ ಪಾಡಿಗೆ ನನ್ನನ್ನು ಬಿಡು. "ಕಟ್ ಮಿ ಸಮ್ ಸ್ಲ್ಯಾಕ್." ಹಗ್ಗ ಅಷ್ಟು ಬಿಗಿ ಹಿಡಿಯಬೇಡ, ಸ್ವಲ್ಪ ಸಡಿಲು ಬಿಡು. "ಹಿಯರ್ ಮಿ ಔಟ್." ನನ್ನ ಮಾತು ಪೂರ್ತಿ ಕೇಳು, ಆಮೇಲೆ ಮಾತಾಡು. "ಡೋಂಟ್ ಪಿನ್ ಇಟ್ ಆನ್ ಮಿ." ಮಾಡದ ತಪ್ಪನ್ನು ತಂದು ನನಗೆ ಅಂಟಿಸಬೇಡ. "ಲುಕ್ ಹೂ ಈಸ್ ಟಾಕಿಂಗ್." ಇದೊಂದು ಮಾತ್ರ ನನಗೆ ಮೊದಲೇ ಗೊತ್ತಿದ್ದಂತಿತ್ತು. ನಮ್ಮೂರ ನಳದ ಹತ್ತಿರ ಹೆಂಗಸರು ಜಗಳಕ್ಕೆ ನಿಂತಾಗ "ಯಾರ್ ಹೇಳಾಕತ್ತಾಳ ನೋಡ್ರೇ ಯವ್ವಾ" ಎನ್ನುವುದು ಇದೇ ಅಲ್ಲವೇ! ಇಂಥ ಇಪ್ಪತ್ತು ಮಾತುಗಳಿದ್ದವು. ಬೈಸಿಕೊಂಡವನಿಗೂ ಬಾಯಿ ಇರಬಹುದು, ಅದಕ್ಕೆಂದೇ ತಯಾರಿಸಿದ ಮಾತುಗಳಿರಬಹುದು, ಅವನ್ನು ಹಾಳೆಯಲ್ಲಿ ಅಚ್ಚು ಮಾಡಿ ಪಾಠ ಹೇಳಿಕೊಡಬಹುದು ಎಂಬುದೇ ನನಗೆ ಹೊಸದು.

ಆಮೇಲೆ ಅವರು ಇಬ್ಬಿಬ್ಬರ ಜೋಡಿ ಮಾಡಿದರು. ಒಬ್ಬರು ತಪ್ಪು ಹುಡುಕಬೇಕು, ಇನ್ನೊಬ್ಬರು ಹಾಳೆ ನೋಡಿ ಉತ್ತರ ಕೊಡಬೇಕು. ಏನೂ ಅರಿಯದ ಆ ಮನುಷ್ಯ ನನ್ನೆದುರಿಗೆ ದೊಡ್ಡ ಮೇಡಂ ಅವರನ್ನು ನಿಲ್ಲಿಸಿಬಿಟ್ಟರು.

ಮೇಡಂ ತಡವರಿಸಲಿಲ್ಲ. ಶನಿವಾರ ಹೇಳುವುದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ನೋಟ್‌ಬುಕ್ಕು, ಉಚ್ಚಾರ, ಬಸ್ಸು ತಡವಾಗಿ ಹತ್ತು ನಿಮಿಷ ತಡವಾದ ದಿನ, ಎಲ್ಲವೂ ಬಂತು. ನಾನು ಹಾಳೆ ಹಿಡಿದು ನಿಂತೆ. ಮೂರನೆಯ ಸಾಲಿನ "ಹಿಯರ್ ಮಿ ಔಟ್" ಓದಿದರೆ ಸಾಕಿತ್ತು.

"ಕಮ್ ಆನ್ ಮೇಡಂ, ಇಟ್ ಈಸ್ ಓನ್ಲಿ ಎ ಗೇಮ್" ಎಂದರು ತರಬೇತುದಾರರು.

ಅದು ಆಟವಲ್ಲ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ಕೊನೆಗೆ ನಾನು "ಕಟ್ ಮಿ ಸಮ್ ಇಸ್ಲ್ಯಾಕ್" ಎಂದೆ. ಆ 'ಇ' ತಾನಾಗಿ ನುಗ್ಗಿತ್ತು. ಹಿಂದಿನ ಬೆಂಚಿನಿಂದ ನಗು ಕೇಳಿತು. ದೊಡ್ಡ ಮೇಡಂ ನಗಲಿಲ್ಲ. "ಕೇಳಿದ್ರಿ? ಇದನ್ನ ನಾ ಹೇಳಾಕತ್ತೀನಿ ಆರು ವರ್ಷದಿಂದ" ಎಂದು ತಮ್ಮ ಜಾಗಕ್ಕೆ ಹೋಗಿ ಕೂತರು.

ಆ ಹಾಳೆಯನ್ನು ನಾನು ಬಿಸಾಡಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತುಟಿಯೊಳಗೇ ಓದಿಕೊಳ್ಳುತ್ತಿದ್ದೆ. ಯಾವ ಮಾತನ್ನು ಯಾರಿಗೆ ಹೇಳಬಹುದು ಎಂದು ಲೆಕ್ಕ ಹಾಕುವುದೇ ಒಂದು ಚಟವಾಯಿತು. ರೊಟ್ಟಿ ದಪ್ಪಾಗಿವೆ ಎನ್ನುವ ಅತ್ತೆಗೆ ಒಂದು. ಕಂಡಕ್ಟರನಿಗೆ ಒಂದು. ಗಂಡ ಸುರಪುರದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಒಂದು ಸಂಜೆ ಅವರು ಬಂದವರೇ "ಅಂಗಿ ಗುಂಡಿ ಇನ್ನಾ ಹಚ್ಚಿಲ್ಲೇನು? ನಾಕ್ ದಿನ ಆತು ಹೇಳಿ" ಎಂದರು. ನಾನು ಧೈರ್ಯ ಮಾಡಿ "ಗಿವ್ ಮಿ ಎ ಬ್ರೇಕ್" ಎಂದೆ.

"ಏನ್ ಕೊಡಬೇಕು?"

"ಬ್ರೇಕ್ ರೀ. ಸಾಕು ಬಿಡ್ರಿ, ಸ್ವಲ್ಪ ಉಸಿರಾಡಾಕ ಬಿಡ್ರಿ ಅಂತ ಅದರ ಅರ್ಥ."

ಅವರು ಜೋರಾಗಿ ನಕ್ಕು, ಗುಂಡಿ ತಾವೇ ಹಚ್ಚಿಕೊಂಡರು. ಆ ಹಾಳೆಯಿಂದ ನನಗೆ ಸಿಕ್ಕ ಲಾಭವೆಂದರೆ ಅದೊಂದೇ.

ಅದೇ ದಿನಗಳಲ್ಲಿ ಒಂದು ಸುದ್ದಿ ಬಂತು. ಸರಕಾರಿ ಶಿಕ್ಷಕರ ಹುದ್ದೆಗೆ ನಾನು ಬರೆದಿದ್ದ ಪರೀಕ್ಷೆಯ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮುಂದಿನ ವಾರ ಯಾದಗಿರಿಗೆ ಹೋಗಿ ಮೂಲ ದಾಖಲೆಗಳನ್ನು ತೋರಿಸಬೇಕು. ಝೆರಾಕ್ಸ್ ನಡೆಯುವುದಿಲ್ಲ, ಮೂಲವೇ ಬೇಕು. ಪಟ್ಟಿಯಲ್ಲಿ ಹೆಸರು ನೋಡಿದಾಗ ಆದ ಸಂತೋಷ ಅಲಮಾರಿ ನೆನಪಾಗುವವರೆಗೂ ಮಾತ್ರ ಇತ್ತು.

ಹೇಗೆ ಕೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ ಅರ್ಧವಾರ್ಷಿಕ ಪರೀಕ್ಷೆ ಶುರುವಾಯಿತು. ಏಳನೆಯ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆ ನಾನು ಬರೆದದ್ದು. ಪ್ರಶ್ನೆಗಳನ್ನು ಒಂದು ಲಕೋಟೆಯಲ್ಲಿ, ಉತ್ತರಗಳನ್ನು ಇನ್ನೊಂದು ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು ಬರೆದು ದೊಡ್ಡ ಮೇಡಂ ಕೈಗೆ ಕೊಟ್ಟಿದ್ದೆ. ಗಣಿತದ ಮಾಸ್ತರರೂ ತಮ್ಮದನ್ನು ಅದೇ ಹೊತ್ತಿಗೆ ಕೊಟ್ಟರು, ನನ್ನ ಎರಡೂ ಲಕೋಟೆಗಳನ್ನು ಕಣ್ಣಾರೆ ನೋಡಿದರು. ಟೈಪು ಮಾಡಿ ಅಚ್ಚಿಗೆ ಕೊಡುವುದು ಮೇಡಂ ಅವರದೇ ಕೆಲಸ. ಪರೀಕ್ಷೆಯ ಬೆಳಿಗ್ಗೆ ಹಾಳೆ ಹಂಚಿದೆವು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದವು. ಮುಂದಿನ ಬದಿಯಲ್ಲಿ ಪ್ರಶ್ನೆ ಇತ್ತು. ಹಾಳೆ ಮಗುಚಿದರೆ ಉತ್ತರ.

ಮಧ್ಯಾಹ್ನದೊಳಗೆ ಅದರ ಫೋಟೊ ಪಾಲಕರ ವಾಟ್ಸಪ್ ಗುಂಪಿನಲ್ಲಿತ್ತು. ಮರುದಿನ ಸಾವುಕಾರರು ಶಾಲೆಗೆ ಬಂದು ಎಲ್ಲರನ್ನೂ ಆಫೀಸಿಗೆ ಕರೆಸಿದರು. ಅವರು ಕುರ್ಚಿಯಲ್ಲಿ, ದೊಡ್ಡ ಮೇಡಂ ಅವರ ಪಕ್ಕದಲ್ಲಿ ನಿಂತು, ನಾವು ಗೋಡೆಗುಂಟ. ಮೇಡಂ ಮುಖ ಬಿಳಿಚಿತ್ತು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

"ಯಾರ್ ಮಾಡಿದ್ದಿದು?" ಎಂದರು ಸಾವುಕಾರರು.

"ಇಂಗ್ಲಿಷ್ ಪೇಪರ್ ಇವರದರಿ" ಎಂದು ಮೇಡಂ ನನ್ನ ಕಡೆ ಕೈ ತೋರಿಸಿದರು.

ಶಾಲೆಯೊಳಗೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ನಿಯಮ ತಲೆಯಲ್ಲಿತ್ತೋ, ಎರಡು ವಾರ ಬಸ್ಸಿನಲ್ಲಿ ಉರು ಹಾಕಿದ್ದು ತಾನಾಗಿ ಹೊರಬಂತೋ ತಿಳಿಯದು. "ಸರ್, ಹಿಯರ್ ಮಿ ಔಟ್. ಪ್ಲೀಸ್ ಡೋಂಟ್ ಪಿನ್ ಇಟ್ ಆನ್ ಮಿ" ಎಂದುಬಿಟ್ಟೆ. ಉಚ್ಚಾರ ಸರಿಯಾಗಿತ್ತು. ನನಗೇ ಆಶ್ಚರ್ಯವಾಯಿತು.

ಸಾವುಕಾರರು ಹುಬ್ಬು ಏರಿಸಿ ಮೇಡಂ ಕಡೆ ತಿರುಗಿದರು. "ಪಿನ್ನಾ? ಯಾವ ಪಿನ್ನರಿ? ಏನಂತಾರ ಇವರು?"

ಆ ಮಾತಿನ ಅರ್ಥ ಮೇಡಂ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನನ್ನನ್ನು ನೋಡದೆ ಹೇಳಿದರು: "ಪ್ರಶ್ನಿ ಹಾಳಿಗೂ ಉತ್ತರದ ಹಾಳಿಗೂ ಕೂಡೇ ಪಿನ್ ಹೊಡದು ಕೊಟ್ಟಿದ್ರರಿ ಇವರು. ಅದನ್ನ ಹೇಳಾಕತ್ತಾರ. ಅದಕ್ಕ ಎರಡೂ ಕೂಡಿ ಅಚ್ಚಾಗ್ಯಾವು."

"ಹಂಗಾರ ತಪ್ಪು ಒಪ್ಕೊಂಡ್ರು" ಎಂದರು ಸಾವುಕಾರರು.

ಇಲ್ಲ ಎನ್ನಬೇಕಿತ್ತು. ಎರಡು ಲಕೋಟೆ ಕೊಟ್ಟಿದ್ದೆ ಎಂದು ಕನ್ನಡದಲ್ಲೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಗಣಿತದ ಮಾಸ್ತರರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅವರ ಅಂಕಪಟ್ಟಿಗಳ ಲಕೋಟೆಯೂ ಅದೇ ಅಲಮಾರಿಯಲ್ಲಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವರೊಬ್ಬರಾದರೂ ಬಾಯಿ ಬಿಡಬಹುದು ಎಂದು ಕಾದೆ, ಕಾಯುತ್ತಿರುವಾಗಲೇ ಸಾವುಕಾರರು ಎದ್ದುಬಿಟ್ಟರು. "ಬರ್ದು ಕೊಡ್ರಿ. ಪಾಲಕರಿಗೆ ತೋರಿಸಬೇಕು."

ಎಲ್ಲರೂ ಹೋದ ಮೇಲೆ ನಾನು ದೊಡ್ಡ ಮೇಡಂ ಮೇಜಿನ ಮುಂದೆ ನಿಂತೆ.

"ಮೇಡಂ, ನಾ ಬ್ಯಾರೆ ಬ್ಯಾರೆ ಲಕೋಟಿಯೊಳಗ ಕೊಟ್ಟಿದ್ದೆ. ನಿಮ್ಗ ಗೊತ್ತದ."

ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಾ ಇದ್ದರು. "ನಿಮ್ಗ ಸರ್ಟಿಫಿಕೇಟ್ ಬೇಕಾಗ್ಯಾವಂತ?"

ನಾನು ಯಾರಿಗೂ ಹೇಳಿರಲಿಲ್ಲ. ಪಟ್ಟಿ ಎಲ್ಲರೂ ನೋಡುವಂಥದ್ದು, ಅವರೂ ನೋಡಿದ್ದರು.

"ಹೌದ್ರಿ. ಗುರುವಾರ ಯಾದಗಿರಿಯೊಳಗ ತೋರಿಸಬೇಕು."

"ಬರ್ದು ಕೊಡ್ರಿ. ನಾಕ್ ದಿನದ ಮಟ್ಟಿಗೆ ಕೊಡ್ಸ್ತೀನಿ."

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ಊಟದ ತಾಟು ಸರಿಸಿ ಕೇಳಿದರು.

"ಜಗಳಾ ಮಾಡಿದ್ರ ಕಾಗದ ಸಿಗತಾವೇನು?"

"ಇಲ್ಲ."

"ಪೊಲೀಸ್ ಠಾಣೆಗೆ ಹೋದ್ರ?"

"ಸಿಗಬಹುದು. ಗುರುವಾರದೊಳಗ ಸಿಗಂಗಿಲ್ಲ."

"ಮತ್ತ ಏನ್ ಮಾಡ್ತಿ?"

ಅವರು ಇದನ್ನು ಬೈಯುವ ದನಿಯಲ್ಲಿ ಕೇಳಲಿಲ್ಲ. ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವರಿಗೂ ದಾರಿ ಕಾಣುತ್ತಿರಲಿಲ್ಲ.

ಮರುದಿನ ಬರೆದುಕೊಟ್ಟೆ. ಏಳು ಸಾಲು. "ನನ್ನ ನಿರ್ಲಕ್ಷ್ಯದಿಂದ" ಎಂದು ಮೇಡಂ ಹೇಳಿದರು, ನಾನು ಬರೆದೆ. "ಮುಂದೆ ಹೀಗಾಗದಂತೆ" ಎಂದರು, ಬರೆದೆ. ಸಹಿ ಮಾಡುವಾಗ ಕೈ ಸುಮ್ಮನೆ ತನ್ನ ಕೆಲಸ ಮಾಡಿತು, ಬೇರೆ ಯಾರದೋ ಕೈ ಎಂಬಂತೆ. ಆ ಕಾಗದದ ಫೋಟೊ ಅಂದು ಸಂಜೆಯೇ ಪಾಲಕರ ಗುಂಪಿಗೆ ಹೋಯಿತು. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ಅದನ್ನೇ ಬೆರಳಿನಿಂದ ದೊಡ್ಡದು ಮಾಡಿ ಓದುತ್ತಿದ್ದಳು. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವವಳಂತೆ ಸುರಪುರ ಬರುವ ತನಕ ಕೂತೆ.

ಬುಧವಾರ ಸಾವುಕಾರರು ಬಂದು ಅಲಮಾರಿ ತೆರೆದರು. ಬೀಗದಕೈ ಅವರ ಜುಬ್ಬಾದ ಒಳಜೇಬಿನಲ್ಲಿತ್ತು. ದೊಡ್ಡ ಮೇಡಂ ಹತ್ತಿರ ಅದಿಲ್ಲ ಎಂಬುದು ನನಗೆ ಗೊತ್ತಾದದ್ದು ಅವತ್ತೇ. ಒಳಗೆ ಖಾಕಿ ಲಕೋಟೆಗಳ ಸಾಲು. ಒಂದೊಂದರ ಮೇಲೆ ಕೆಂಪು ಶಾಯಿಯಲ್ಲಿ ಹೆಸರು. ನನ್ನದನ್ನು ಹುಡುಕಲು ಅವರು ಮೊದಲಿನಿಂದ ಒಂದೊಂದೇ ಸರಿಸುತ್ತಾ ಬಂದರು. ಮೊದಲನೆಯ ಲಕೋಟೆ ಎಲ್ಲಕ್ಕಿಂತ ಹಳೆಯದು, ಅಂಚುಗಳು ಹರಿದು ಹತ್ತಿಯಂತಾಗಿದ್ದವು. ಅದರ ಮೇಲೆ ದೊಡ್ಡ ಮೇಡಂ ಹೆಸರಿತ್ತು.

ನಾನು ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು, ನಾನು ಓದಿದ್ದನ್ನು ನೋಡಿದ್ದರು. ತಕ್ಷಣ ಕಿಟಕಿಯ ಕಡೆ ತಿರುಗಿಕೊಂಡರು.

"ಸೋಮವಾರ ವಾಪಸ್ ಬರ್ಬೇಕು ನೋಡ್ರಿ" ಎಂದು ಸಾವುಕಾರರು ನನ್ನ ಲಕೋಟೆ ಕೊಟ್ಟರು.

ಗುರುವಾರ ಬೆಳಿಗ್ಗೆ ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ಆ ಲಕೋಟೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದೆ. ಮೇಡಂ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ. ಬರಲಿಲ್ಲ. ನಾನು ಆರು ವರ್ಷದಿಂದ ಅಲ್ಲಿದ್ದವಳು. ಅವರು ಎಷ್ಟು ವರ್ಷದಿಂದಲೋ? ಪ್ರಶ್ನೆಪತ್ರಿಕೆಯ ತಪ್ಪು ಅವರದೆಂದಾಗಿದ್ದರೆ ಅವತ್ತೇ ಅವರನ್ನು ಹೊರಗೆ ಹಾಕುತ್ತಿದ್ದರು, ಲಕೋಟೆ ಮಾತ್ರ ಒಳಗೇ ಉಳಿಯುತ್ತಿತ್ತು. ಹಾಗೆಂದು ಅವರು ಮಾಡಿದ್ದು ಸರಿ ಎಂದೂ ಅನ್ನಿಸಲಿಲ್ಲ. ಎರಡೂ ಒಟ್ಟಿಗೇ ಮನಸ್ಸಿನಲ್ಲಿದ್ದವು, ಈಗಲೂ ಇವೆ.

ಕಚೇರಿಯಲ್ಲಿ ಒಂದು ಸೆಟ್ಟು ನಕಲೂ ಬೇಕೆಂದರು. ಎದುರಿನ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಅಂಕಪಟ್ಟಿ ಕೈಗೆ ತೆಗೆದುಕೊಂಡು ಕೇಳಿದ: "ಕಲರ್ ಬೇಕೇನ್ರಿ ಅಕ್ಕಾರ, ಕಪ್ಪು-ಬಿಳಿ ಬೇಕೇನ್ರಿ?"

"ಕಲರ್ ಅಂದ್ರ ಹೆಂಗ್ ಬರ್ತದ?"

ಅವನು ಗಾಜಿನ ಕೆಳಗಿಟ್ಟಿದ್ದ ಒಂದು ಮಾದರಿ ತೋರಿಸಿದ. ಮುದ್ರೆ, ಸಹಿ, ಹಾಳೆಯ ನಸುಹಸಿರು ಬಣ್ಣ, ಎಲ್ಲ ಹಾಗೆಯೇ. ನಾನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ. "ಒಂದು ಸೆಟ್ ಕಪ್ಪು-ಬಿಳಿ ಮಾಡ್ರಿ. ಒಂದು ಸೆಟ್ ಕಲರ್. ಕಲರ್ ದಪ್ಪ ಹಾಳಿ ಮ್ಯಾಲೆ ಮಾಡ್ರಿ."

ಪರಿಶೀಲನೆ ಸರಾಗವಾಗಿ ಆಯಿತು. ವಾಪಸು ಬಂದ ಮೇಲೆ ಕಲರ್ ಪ್ರತಿಗಳನ್ನು ಖಾಕಿ ಲಕೋಟೆಗೆ ಹಾಕಿ, ಮೂಲಗಳನ್ನು ತಿಂಥಣಿಗೆ ಒಯ್ದು ಅವ್ವನ ಟ್ರಂಕಿನಲ್ಲಿಟ್ಟೆ. ಗಂಡನಿಗೆ ಮಾತ್ರ ಹೇಳಿದೆ. "ಸಿಕ್ಕಿಬಿದ್ರ?" ಎಂದರು. "ಸಿಕ್ಕಿ ಬಿದ್ದೇ ಅದೀನಲ್ರಿ" ಎಂದೆ.

ಸೋಮವಾರ ಸಾವುಕಾರರು ಹತ್ತಿ ಮಾರುಕಟ್ಟೆಯಲ್ಲಿದ್ದರು. ಡ್ರೈವರನ ಕೈಯಲ್ಲಿ ಬೀಗದಕೈ ಕಳಿಸಿದ್ದರು, ಅವನು ಅದನ್ನು ಮೇಡಂ ಕೈಗೆ ಕೊಟ್ಟು ಆಫೀಸಿನ ಬಾಗಿಲ ಹೊರಗೆ ನಿಂತಿದ್ದ. ನಾನು ಲಕೋಟೆಯನ್ನು ದೊಡ್ಡ ಮೇಡಂಗೆ ಕೊಟ್ಟೆ. ಅವರು ತೆರೆದು ಒಂದೊಂದೇ ಹಾಳೆ ಹೊರಗೆಳೆದರು. ಬಿ.ಇಡಿ. ಅಂಕಪಟ್ಟಿಯ ಮುದ್ರೆಯ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಸವರಿದರು. ನಿಜವಾದ ಮುದ್ರೆ ಉಬ್ಬಿ ಬೆರಳಿಗೆ ತಾಗುತ್ತದೆ. ಇದು ನುಣ್ಣಗಿತ್ತು.

"ಯಾದಗಿರಿಯೊಳಗ ಎಲ್ಲಾ ಛಲೋ ಆತೇನು?" ಎಂದರು.

"ಆತ್ರಿ."

"ಫೈನಲ್ ಪಟ್ಟಿ ಯಾವಾಗ ಬರ್ತದಂತ?"

"ಹೇಳಿಲ್ರಿ."

ಅವರು ಹಾಳೆಗಳನ್ನು ಜೋಡಿಸಿ ಲಕೋಟೆಗೆ ಹಾಕಿ, ಬಾಯಿಗೆ ಅಂಟು ಹಚ್ಚಿ ಒತ್ತಿದರು. ಅಂಟಿಸಲೇಬೇಕೆಂದೇನೂ ಇರಲಿಲ್ಲ, ಬೇರೆ ಯಾವ ಲಕೋಟೆಗೂ ಅಂಟು ಇರಲಿಲ್ಲ. ಅಲಮಾರಿ ತೆರೆದು ನನ್ನದನ್ನು ಅದರ ಜಾಗದಲ್ಲಿಟ್ಟರು. ಆಮೇಲೆ ಅವರ ಕೈ ಸಾಲಿನ ಮೊದಲಿಗೆ ಹೋಯಿತು. ಆ ಹಳೆಯ ಲಕೋಟೆಯನ್ನು ಅರ್ಧ ಹೊರಗೆ ಎಳೆದರು. ಆಫೀಸಿನಲ್ಲಿ ನಾವಿಬ್ಬರೇ. ತಗೊಳ್ರಿ ಮೇಡಂ ಎಂದು ಒಳಗೇ ಅನ್ನುತ್ತಿದ್ದೆ.

"ಆತೇನ್ರಿ ಮೇಡಂ? ಸಾವ್ಕಾರ್ರು ಕೀಲಿ ಜಲ್ದಿ ತಾ ಅಂದಾರ" ಎಂದು ಡ್ರೈವರ ಹೊರಗಿನಿಂದ ಕೂಗಿದ.

ಮೇಡಂ ಲಕೋಟೆಯನ್ನು ಒಳಗೆ ತಳ್ಳಿ ಬಾಗಿಲು ಹಾಕಿದರು. ಬೀಗ ಒಂದು ಸಲ ಜಗ್ಗಿ ನೋಡಿ, ಕೈ ಹೊರಗೆ ಚಾಚಿ ಬೀಗದಕೈ ಕೊಟ್ಟರು.

ಅದಾಗಿ ಈಗ ಎರಡು ವರ್ಷ. ಯಾರೋ ಕೋರ್ಟಿಗೆ ಹೋಗಿದ್ದಾರಂತೆ, ಅಂತಿಮ ಪಟ್ಟಿ ಬಂದಿಲ್ಲ. ಗಣಿತದ ಮಾಸ್ತರರು ಒಂದು ದಿನ ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ನಡೆದು ಬಂದು, "ಅವತ್ತು ನಾ ಮಾತಾಡ್ಬೇಕಿತ್ತು ಮೇಡಂ" ಎಂದರು. ನಾನು "ಇರ್ಲಿ ಬಿಡ್ರಿ ಸರ" ಎಂದೆ. ಶನಿವಾರದ ಸಭೆ ನಡೆಯುತ್ತಲೇ ಇದೆ. ದೊಡ್ಡ ಮೇಡಂ ಬೈಯುವುದನ್ನು ಬಿಟ್ಟಿಲ್ಲ, ಈಗಲೂ ನನ್ನಿಂದಲೇ ಶುರು ಮಾಡುತ್ತಾರೆ. ಸಭೆ ಮುಗಿದು ಎಲ್ಲರೂ ಎದ್ದು ಹೋಗುವಾಗ ಮಾತ್ರ, ತಿಂಗಳಿಗೆ ಒಂದೆರಡು ಸಲ, ಹಾಜರಿ ಪುಸ್ತಕ ಮಡಚುತ್ತಾ ದನಿ ತಗ್ಗಿಸಿ ಕೇಳುತ್ತಾರೆ:

"ಪಟ್ಟಿ ಬಂತೇನ್ರಿ?"

"ಇನ್ನಾ ಇಲ್ರಿ ಮೇಡಂ."

"ಬರ್ತದ, ಬರ್ತದ" ಎನ್ನುತ್ತಾರೆ.